ವ್ಯಾನಿನ ಪದ್ಯ

"ಓಡ್ತಿದ್ದ ಗಾಡೀನ ಯಾಕಾದ್ರೂ ಮುಟ್ಟಿದ್ರೋ?"

ಸ್ಟಿಯರಿಂಗಿನ ಮೇಲೆ ಎರಡೂ ಕೈ ಊರಿಕೊಂಡು ಸೊಸೆ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ, ಅಂಗಳದಲ್ಲಿ ಅವಳು ಮತ್ತು ಆ ಹಳೆಯ ಕಾರು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಆದರೆ ಅಡುಗೆಮನೆಯ ಕಿಟಕಿ ತೆರೆದಿತ್ತು. ಒಲೆಯ ಮುಂದೆ ನಿಂತಿದ್ದ ಅತ್ತೆಯ ಕಿವಿಗೆ ಮಾತು ಬಿತ್ತು.

ಆ ಮನೆಯಲ್ಲಿ ಅತ್ತೆಯ ಕಿವಿಗೆ ಬೀಳದ ಮಾತೇ ಇರಲಿಲ್ಲ. ಅಕ್ಷರ ಕಲಿಯುವ ಮೊದಲೇ ಆಕೆ ತಂದೆಯ ಬಾಯಿಂದ ಪದ್ಯ ಕೇಳಿ ಕಲಿತವರು. ಈಗಲೂ ಕಸ ಗುಡಿಸುವಾಗ, ಪಾತ್ರೆ ತಿಕ್ಕುವಾಗ ತುಟಿ ತನ್ನಷ್ಟಕ್ಕೆ ಅಲುಗುತ್ತಿತ್ತು. ದೇವರಿಗೆ ಕೇಳಿಸಿದರೆ ಸಾಕು ಅನ್ನುವಷ್ಟು ಮೆಲ್ಲಗೆ. ಮನುಷ್ಯರ ಹತ್ತಿರ ಮಾತು ಇನ್ನೂ ಕಡಿಮೆ.

ಸೊಸೆ ಮತ್ತೊಮ್ಮೆ ಸೆಲ್ಫ್ ಹೊಡೆದಳು. ಎಂಜಿನ್ನು ಗೊರಗೊರ ತಿರುಗಿತು. ಇನ್ನೇನು ಹಿಡಿಯಿತು ಅನ್ನುವಷ್ಟರಲ್ಲಿ ಕೆಮ್ಮಿ, ಢಬ್ಬೆಂದು ಸಿಡಿದು, ಸುಮ್ಮನಾಯಿತು. ಆ ಸದ್ದಿಗೆ ಒಳಕೋಣೆಯಿಂದ ಉಸ್ತಾದರ ಗಂಟಲು ಎದ್ದಿತು.

"ಯಾರದು, ಆಕ್ಸಿಲರೇಟರಿಗೆ ಕಾಲು ಕೊಟ್ಟು ಕೊಟ್ಟು ಸೆಲ್ಫ್ ಹೊಡೀತಿರೋದು? ಪೆಟ್ರೋಲ್ ಓವರ್ ಆಗುತ್ತೆ ಅಂತ ಗೊತ್ತಿಲ್ವಾ?"

"ನಾನು ಕಾಲೇ ಇಟ್ಟಿಲ್ಲ ಮಾವ."

"ಇಡದೇ ಇದ್ರೆ ಹತ್ತುತ್ತಿತ್ತು."

ಉಸ್ತಾದರು ಅಂದರೆ ಅತ್ತೆಯ ಗಂಡ. ಬ್ರೆಡ್ ಕಾರ್ಖಾನೆಯ ವ್ಯಾನನ್ನು ನಿವೃತ್ತಿಯವರೆಗೂ ಓಡಿಸಿದವರು. ಒಂದೇ ವ್ಯಾನು, ಒಬ್ಬನೇ ಡ್ರೈವರು. ಅದನ್ನು ಬಿಚ್ಚಿ ಜೋಡಿಸಿದ್ದೂ ಅವರೇ, ದಾರಿಯಲ್ಲಿ ಎಂದೂ ನಿಲ್ಲದಂತೆ ನೋಡಿಕೊಂಡದ್ದೂ ಅವರೇ. ಕಾರ್ಖಾನೆಯವರು ಇಟ್ಟ ಹೆಸರು ಬೀದಿಗೆ ಬಂದು, ಬೀದಿಯಿಂದ ಮನೆಯೊಳಗೂ ಬಂದು ಕೂತಿತ್ತು. ಉಸ್ತಾದರ ಕೆಲಸದ ಮೇಲೆ ಇನ್ನೊಬ್ಬರು ಕಣ್ಣು ಹಾಯಿಸಿ ಪರೀಕ್ಷಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಕಾರು ಏರಿನಲ್ಲಿ ಸ್ವಲ್ಪ ಮುಗ್ಗರಿಸುತ್ತಿತ್ತು, ಅಷ್ಟೇ. ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಚಿಕ್ಕ ಮಗ ತಾನು ಕೆಲಸ ಮಾಡುವ ಬಿಡಿಭಾಗಗಳ ಅಂಗಡಿಯಿಂದ ಹೊಸ ಪ್ಲಗ್ಗು, ಪ್ಲಗ್ಗಿನ ವೈರುಗಳು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪು, ಅದರೊಳಗೆ ತಿರುಗುವ ರೋಟರು ಎಲ್ಲ ತಂದಿದ್ದ. ಅತ್ತೆ ಚಹಾ ಹಿಡಿದುಕೊಂಡು ಅಂಗಳಕ್ಕೆ ಹೋದಾಗ ಅಪ್ಪ ಮಗನ ಚರ್ಚೆ ನಡೆದಿತ್ತು.

"ಅಪ್ಪಾ, ಒಂದು ಹಳೇ ವೈರು ತೆಗೆದು ಅಲ್ಲೇ ಒಂದು ಹೊಸದು ಹಾಕೋಣ. ಒಂದೊಂದಾಗಿ. ಅಂಗಡೀಲಿ ಎಲ್ರಿಗೂ ಹಾಗೇ ಹೇಳಿ ಕಳಿಸ್ತೀವಿ."

"ಅದು ಗೊತ್ತಿಲ್ಲದವರಿಗೆ ಹೇಳೋ ಮಾತು" ಅಂದವರೇ ಉಸ್ತಾದರು ನಾಲ್ಕೂ ವೈರುಗಳನ್ನು ಒಂದೇ ಹಿಡಿಯಲ್ಲಿ ಕಿತ್ತು ಬಕೆಟ್ಟಿಗೆ ಎಸೆದರು. ಆಮೇಲೆ ತಮ್ಮ ಪದ್ಯ ಶುರುಮಾಡಿದರು. ಸಿಲಿಂಡರುಗಳು ಯಾವ ಸರದಿಯಲ್ಲಿ ಉರಿಯಬೇಕು, ಕ್ಯಾಪಿನ ಸುತ್ತ ವೈರುಗಳನ್ನು ಯಾವ ಕಡೆಗೆ ಸುತ್ತಿ ಕೂರಿಸಬೇಕು ಅನ್ನುವುದನ್ನು ಅವರು ವ್ಯಾನಿನ ಕಾಲದಲ್ಲೇ ಪದ್ಯ ಕಟ್ಟಿ ಇಟ್ಟುಕೊಂಡಿದ್ದರು.

"ಒಂದು ಮೂರು ನಾಕು ಎರಡು, ಎಡಕ್ಕೆ ಸುತ್ತಿ ಗಾಡಿ ಹೊರಡು!"

ಮಕ್ಕಳಿಬ್ಬರೂ ಮಗ್ಗಿಗಿಂತ ಮೊದಲು ಕಲಿತದ್ದು ಅದನ್ನೇ. ಕ್ಯಾಪಿನ ಮೇಲೆ ಒಂದನೆಯದರ ಜಾಗಕ್ಕೆ ಮಾತ್ರ ಗುರುತಿತ್ತು. ಅಲ್ಲಿಂದ ಎಡಕ್ಕೆ ಹೊರಟು, ಪದ್ಯ ಹೇಳುತ್ತ ಹೇಳುತ್ತ ನಾಲ್ಕೂ ವೈರು ಕೂರಿಸಿ, ಬಾನೆಟ್ಟು ಮುಚ್ಚಿ ಕೈ ಒರೆಸಿಕೊಂಡರು.

"ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ್ವಾ?" ಚಿಕ್ಕ ಮಗ ಕೇಳಿದ.

"ನೋಡೋದು ಅನುಮಾನ ಇರೋವ್ರು. ಕೀಲಿ ಅವಳಿಗೆ ಕೊಡು. ಬೆಳಿಗ್ಗೆ ತಗೊಂಡು ಹೋಗ್ಲಿ."

ಹಾಗಾಗಿ ಆ ಕೀಲಿಯನ್ನು ಮೊದಲು ತಿರುಗಿಸಿದವಳು ಸೊಸೆ. ಹತ್ತದಿದ್ದಾಗ ಸಿಕ್ಕಿಬಿದ್ದವಳೂ ಅವಳೇ.

ಸೊಸೆಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಗಾಗುವ ಮೊದಲೇ ಹೊರಟು, ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ, ಸಕ್ಕರೆ ಕಾಯಿಲೆಯವರ ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಮುಟ್ಟಿಸಬೇಕು. ಕಾರಿದ್ದವರಿಗೆ ಮಾತ್ರ ಆ ದೂರದ ಮನೆಗಳ ಸರದಿ ಕೊಡುತ್ತಿದ್ದರು. ಅವಳ ಕೈ ಹಗುರ. ಸೂಜಿ ಒಳಗೆ ಹೋದದ್ದೂ ಗೊತ್ತಾಗುವುದಿಲ್ಲ ಅಂತ ಮುದುಕರು ಅವಳನ್ನೇ ಕೇಳಿ ಕರೆಸಿಕೊಳ್ಳುತ್ತಿದ್ದರು.

ಮೊದಲ ವಾರ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದಳು. ಇಳಿದು ನಡೆದು, ಮತ್ತೆ ಕಾದು, ಮತ್ತೆ ಹತ್ತಿ. ಖಾಲಿ ಹೊಟ್ಟೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು, "ನೀನು ಬರೋ ಹೊತ್ತಿಗೆ ನನ್ನಲ್ಲಿ ರಕ್ತ ಉಳಿದಿರುತ್ತೋ ಇಲ್ವೋ ನೋಡ್ಕೊಂಡು ಬಾಮ್ಮಾ" ಅಂದಳಂತೆ. ಸೊಸೆ ಮನೆಗೆ ಬಂದು ಅದನ್ನು ಅತ್ತೆಗೆ ನಗುತ್ತಲೇ ಹೇಳಿದಳು. ನಗು ಮುಗಿಯುವ ಮೊದಲೇ ಎದ್ದು ಹೋಗಿ ಮುಖ ತೊಳೆದುಕೊಂಡಳು.

ಉಸ್ತಾದರು ಸುಮ್ಮನೆ ಕೂತಿರಲಿಲ್ಲ. ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಾಕಿಸಿ ತಂದರು. ಪೆಟ್ರೋಲ್ ಫಿಲ್ಟರು ತೆಗೆದು ಊದಿದರು. ಹೊಸ ಪ್ಲಗ್ಗುಗಳನ್ನು ಕಳಚಿ ಒಲೆಯ ಪಕ್ಕ ಒಣಗಿಸಿದರು. ಅತ್ತೆ ಬೇಳೆಯ ಪಾತ್ರೆಯನ್ನು ಅತ್ತ ಸರಿಸಿ ಜಾಗ ಮಾಡಿಕೊಟ್ಟರು. ಎಲ್ಲವನ್ನೂ ಮುಟ್ಟಿದರು, ಕ್ಯಾಪಿನ ಸುತ್ತ ಕೂತ ಆ ನಾಲ್ಕು ವೈರುಗಳನ್ನು ಬಿಟ್ಟು.

ಎರಡನೆಯ ವಾರ ಒಂದು ದಿನ ಊಟದ ಹೊತ್ತಿಗೆ ಅವರ ಸಿಟ್ಟು ಚಿಕ್ಕ ಮಗನ ಮೇಲೆ ತಿರುಗಿತು.

"ನಿಮ್ಮ ಅಂಗಡಿ ಮಾಲು! ಡಬ್ಬ ನೋಡಿದ್ರೆ ಮದುವೆ ಮನೆ, ಒಳಗೆಲ್ಲ ಮಸಣ."

"ಮಾಲು ಸರಿಯಾಗಿದೆ ಅಪ್ಪ. ಎಷ್ಟು ಗಾಡಿಗೆ ಕೊಟ್ಟಿದೀವಿ."

"ಹಾಗಾದ್ರೆ ನಾನು ಸರಿಯಿಲ್ವಾ?"

ಚಿಕ್ಕ ಮಗ ತಟ್ಟೆ ಬಿಟ್ಟು ಎದ್ದ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಬಂದು, "ಅಮ್ಮ, ನಾನು ಒಂದೊಂದಾಗೇ ಹಾಕೋಣ ಅಂದೆ. ನೀನೂ ಕೇಳಿಸ್ಕೊಂಡೆ ತಾನೆ?" ಅಂದ.

"ಕೇಳಿಸ್ಕೊಂಡೆ. ಹೋಗಿ ಅವರಿಗೆ ಹೇಳು."

"ನಾನಾ? ನೀನೇ ಹೇಳು."

"ನೀನು ಅಂಗಡೀಲಿ ಗಿರಾಕಿಗಳಿಗೆ ಹೇಳ್ತೀಯಂತಲ್ಲ."

"ಗಿರಾಕಿಗಳು ಮುನಿಸ್ಕೊಂಡ್ರೆ ಬೇರೆ ಅಂಗಡಿಗೆ ಹೋಗ್ತಾರೆ. ಇವರು ಎಲ್ಲಿಗೆ ಹೋಗ್ತಾರೆ?" ಅಂದು ಹುಬ್ಬು ಹಾರಿಸಿ ಹೊರಟುಹೋದ.

ದೊಡ್ಡ ಮಗ, ಸೊಸೆಯ ಗಂಡ, ಅಚ್ಚುಕೂಟದಲ್ಲಿ ಕೆಲಸ ಮಾಡುವವನು. ದಿನವೆಲ್ಲ ಯಂತ್ರದ ಸದ್ದು ಕೇಳಿ ಬಂದವನಿಗೆ ಮನೆಯಲ್ಲಿ ಸದ್ದೇ ಬೇಡ. ಅವನೂ ಒಮ್ಮೆ ಧೈರ್ಯ ಮಾಡಿ ಬಾಯಿ ಬಿಟ್ಟ.

"ಅಪ್ಪ, ಮೂಲೆ ಗ್ಯಾರೇಜಿನ ಮೆಕ್ಯಾನಿಕ್ಕನ್ನ ಒಂದು ಸಲ ಕರೆದು ತೋರಿಸಿಬಿಡೋಣ."

ಉಸ್ತಾದರು ತುತ್ತು ಕೆಳಗಿಟ್ಟರು. "ನನ್ನ ಅಂಗಳಕ್ಕೆ ಮೆಕ್ಯಾನಿಕ್ಕು? ಕರೀ. ಮೊದಲು ನನ್ನ ಎತ್ತಿ ಆಚೆ ಹಾಕು, ಆಮೇಲೆ ಕರೀ."

"ಹಾಗಲ್ಲಪ್ಪಾ..."

"ಗಾಡಿ ಕೆಟ್ಟಿಲ್ಲ. ಕೆಡಿಸಿರೋದು. ಮೊದಲ ದಿನವೇ ಕಾಲಿಟ್ಟು ಒತ್ತಿ ಒತ್ತಿ ಪೆಟ್ರೋಲ್ ತುಂಬಿಸಿ, ಒಳಗೆಲ್ಲ ತೊಳೆದುಹಾಕಿದಾಳೆ. ಆ ಕೀಲಿ ಇಲ್ಲಿ ಕೊಡು. ಇನ್ನು ಮೇಲೆ ನನ್ನ ಹತ್ತಿರ ಇರ್ಲಿ."

ಸೊಸೆ ಎದ್ದಳು. ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದು ಅವರ ತಟ್ಟೆಯ ಪಕ್ಕದಲ್ಲಿಟ್ಟಳು.

"ತಗೊಳ್ಳಿ ಮಾವ. ಆದ್ರೆ ಒಂದು ಮಾತು. ದಿನಾ ಬೆಳಿಗ್ಗೆ ನಾನೇ ಓಡಿಸ್ತಿದ್ದೆನಲ್ಲ, ಆಗ ತುಂಬದ ಪೆಟ್ರೋಲು ಸೋಮವಾರವೇ ಹೇಗೆ ತುಂಬಿಕೊಳ್ತು?"

"ನೋಡಿದ್ಯಾ ಬಾಯಿ?" ಉಸ್ತಾದರು ಮಗನಿಗೆ ಹೇಳಿದರು.

"ಒಂದ್ಸಲ ತಪ್ಪಾಯ್ತು ಅಂದ್ಬಿಡೆ" ಮಗ ಹೆಂಡತಿಗೆ ಮೆಲ್ಲಗೆ ಅಂದ. "ನಿಂದೇನು ಗಂಟು ಹೋಗುತ್ತೆ?"

"ಯಾವ ತಪ್ಪು ಅಂತ ಹೇಳಿ, ಅಂತೀನಿ."

"ಯಾವುದೋ ಒಂದು!"

"ಯಾವುದೋ ಒಂದಕ್ಕೆ ನೀವೇ ಹೇಳ್ಕೊಳ್ಳಿ ರೀ. ಇಬ್ರಿಗೂ ಸೇರಿಸಿ."

ಆ ದಿನ ಅರ್ಧ ಅನ್ನ ಹಾಗೇ ಉಳಿಯಿತು. ಅತ್ತೆ ಅದನ್ನು ಇನ್ನೊಂದು ಪಾತ್ರೆಗೆ ಹಾಕಿ ಮುಚ್ಚಿದರು. ಮದುವೆಯಾದಾಗಿನಿಂದ ಎಷ್ಟು ಸಲ ಕೇಳಿದ ಮಾತಿದು! ವ್ಯಾನಿನಲ್ಲಿ ಬ್ರೆಡ್ಡು ನಲುಗಿದ್ದರೆ ಅದನ್ನು ತುಂಬಿದವನ ತಪ್ಪು. ಅಂಗಿಗೆ ಗ್ರೀಸು ಹತ್ತಿದ್ದರೆ ಒಗೆದವಳ ತಪ್ಪು. ಆಕೆ ಎಲ್ಲಕ್ಕೂ ಹೂಂ ಅಂದಿದ್ದರು. ಹೂಂ ಅನ್ನುವುದೂ ಒಂದು ಭಕ್ತಿಯೆಂದೇ ತಿಳಿದಿದ್ದರು. ಈಗ ಆ ಹೂಂ ಇನ್ನೊಬ್ಬಳ ಕೊರಳಿಗೆ ಬಿಗಿಯುತ್ತಿತ್ತು.

ಮೂರನೆಯ ವಾರ ಬಿಸಿಲು ಏರಿತು. ಬಸ್ಸಿನಲ್ಲಿ ತಡವಾಗಿ ಬಂದ ರಕ್ತ ಕೆಲವು ಸಲ ಲ್ಯಾಬಿಗೆ ಮುಟ್ಟುವಷ್ಟರಲ್ಲಿ ಕೆಡುತ್ತಿತ್ತು. ಮತ್ತೆ ಹೋಗಿ ಮತ್ತೆ ಚುಚ್ಚಬೇಕು. ಲ್ಯಾಬಿನ ಯಜಮಾನ ಸೊಸೆಗೆ ನೇರವಾಗಿಯೇ ಹೇಳಿದ್ದ: ಕಾರು ಸರಿಯಾದರೆ ಸರಿ, ಇಲ್ಲವಾದರೆ ತಿಂಗಳು ಮುಗಿದ ಮೇಲೆ ಅವಳ ಮನೆಗಳೆಲ್ಲ ಬೇರೆಯವರಿಗೆ. ಅವನು ಉಸ್ತಾದರಿಗೂ ಹಳೆಯ ಪರಿಚಯ. ಲ್ಯಾಬು ತೆರೆಯುವ ಮೊದಲು ಅವನಿಗಿದ್ದ ದಿನಸಿ ಅಂಗಡಿಗೆ ಬ್ರೆಡ್ಡು ಇಳಿಸುತ್ತಿದ್ದವರು ಇವರೇ.

ಆ ಗುರುವಾರ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಹಜಾರದಲ್ಲಿ ಉಸ್ತಾದರು ಲ್ಯಾಬಿನ ಯಜಮಾನನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಅಯ್ಯೋ, ಗಾಡಿಗೇನಾಗಿದೆ? ಎಲ್ಲ ಹೊಸದು ಹಾಕಿ ಕೊಟ್ಟಿದ್ದೆ... ಇಲ್ಲ ಇಲ್ಲ, ನನ್ನ ಕೈ ತಪ್ಪೋದುಂಟಾ? ಹುಡುಗಿಗೆ ಗಾಡಿ ನಡೆಸೋ ಕೈ ಇಲ್ಲ. ಎಂಜಿನ್ನೇ ಕೆಡಿಸಿ ಕೂರಿಸಿದಾಳೆ... ಹೂಂ, ಕೊಡಿ ಕೊಡಿ, ಬೇರೆಯವರಿಗೇ ಕೊಡಿ. ಅಂಥವಳ ಕೈಗೆ ಜನರ ರಕ್ತ ಕೊಟ್ಟು ಕಳಿಸೋದು ಹೇಗೆ?... ನನ್ನ ಮಾತು ಬೇಡ. ನನ್ನ ಹೆಂಡತೀನೇ ಕೇಳಿ. ಅವಳು ಸುಳ್ಳು ಹೇಳೋಳಲ್ಲ ಅಂತ ಊರಿಗೆಲ್ಲ ಗೊತ್ತು. ಶನಿವಾರ ಫೋನ್ ಮಾಡ್ತೀರಾ? ಮಾಡಿ."

ಸೊಪ್ಪಿನ ದಂಟು ಅತ್ತೆಯ ಕೈಯಲ್ಲಿ ಹಾಗೇ ನಿಂತಿತು. ಕೆಟ್ಟ ಕಾರಿಗೆ ಬೈದರೆ ಅದು ಬೈಗುಳ. ಒಬ್ಬಳ ಅನ್ನಕ್ಕೆ ಮಣ್ಣು ಹಾಕಿ, ಅದರ ಮೇಲೆ ಹೆಂಡತಿಯ ಸತ್ಯವನ್ನು ಕಲ್ಲಾಗಿ ಹೇರುವುದು? ತುಟಿಯ ಮೇಲಿನ ಪದ್ಯ ಅಲ್ಲೇ ಕಡಿದುಹೋಯಿತು. ಎಲ್ಲಿ ಬಿಟ್ಟರು ಅನ್ನುವುದು ಆಕೆಗೆ ನೆನಪಾಗಲಿಲ್ಲ. ಹಾಗೆ ಎಂದೂ ಆದದ್ದಿಲ್ಲ.

ಶನಿವಾರ ಬೆಳಿಗ್ಗೆ ಉಸ್ತಾದರು ಕ್ಷೌರಕ್ಕೆ ಹೋದರು. ಬಿಟ್ಟುಹೋದ ಅಂಗಿಯನ್ನು ನೀರಿಗೆ ಹಾಕುವ ಮೊದಲು ಜೇಬು ತಡವಿದಾಗ ಕೀಲಿ ಕೈಗೆ ಬಂತು. ಅತ್ತೆ ಅಂಗಿಯನ್ನು ಒಣ ನೆಲದ ಮೇಲೇ ಬಿಟ್ಟು ಎದ್ದರು. ಅಂದು ತಡವಾಗಿ ಸರದಿಯಿದ್ದ ಸೊಸೆ ಬಸ್ಸಿಗೆ ಹೊರಡಲು ಪೆಟ್ಟಿಗೆಗೆ ಐಸು ತುಂಬುತ್ತಿದ್ದಳು.

"ಬಾರೆ ಇಲ್ಲಿ. ಬಾನೆಟ್ಟು ಎತ್ತೋಕೆ ಬರುತ್ತಾ ನಿಂಗೆ?"

"ಬರುತ್ತೆ. ಯಾಕತ್ತೆ?" ಸೊಸೆ ಕೀಲಿ ನೋಡಿದಳು, ಅತ್ತೆಯ ಮುಖ ನೋಡಿದಳು. "ಮಾವಂಗೆ ಗೊತ್ತಾದ್ರೆ?"

"ಗೊತ್ತಾಗ್ಲಿ."

ಬಾನೆಟ್ಟು ಎತ್ತಿದರು. ಅತ್ತೆ ಸೆರಗು ಬಿಗಿದು ಬಗ್ಗಿ ನೋಡಿದರು. ಕಪ್ಪು ಕ್ಯಾಪಿನಿಂದ ಹೊರಟ ವೈರುಗಳಲ್ಲಿ ಎರಡು ಒಂದರ ಮೇಲೊಂದು ಅಡ್ಡ ಹಾಯ್ದಿದ್ದವು. ಒಂದು ಸಡಿಲವಾಗಿ ಜೋತಿತ್ತು, ಇನ್ನೊಂದು ಹರಿಯುವ ಹಾಗೆ ಬಿಗಿದಿತ್ತು.

"ಇವನ್ನ ನಾನೂ ನೋಡಿದೆ ಅತ್ತೆ" ಸೊಸೆ ಅಂದಳು. "ಮೊದಲು ಹೀಗಿರ್ಲಿಲ್ಲ. ಮುಟ್ಟೋಕೆ ಹೋದ್ರೆ ಮಾವ ಕೈ ತಳ್ಳಿದ್ರು. ಪದ್ಯದ ಪ್ರಕಾರವೇ ಇದೆ ಅಂದ್ರು. ಇದೆ ಕೂಡ, ಎಣಿಸಿ ನೋಡಿದೆ. ಒಂದು, ಮೂರು, ನಾಕು, ಎರಡು."

"ಅದು ವ್ಯಾನಿನ ಪದ್ಯ ಅಲ್ವೇನೆ?"

"ಅಂದ್ರೆ?"

"ನಮ್ಮಪ್ಪ ಹೇಳೋರು, ಒಂದು ಪದ್ಯದ ಧಾಟೀಲಿ ಇನ್ನೊಂದು ಹೇಳಬಾರದು, ಕಾಲು ಎಡವುತ್ತೆ ಅಂತ. ವ್ಯಾನಿಂದು ಒಳಗೆ ಎಡಕ್ಕೆ ಸುತ್ತುತ್ತಿತ್ತು. ಇದೂ ಎಡಕ್ಕೇ ಸುತ್ತುತ್ತಾ? ಯಾರಾದ್ರೂ ನೋಡಿದಾರಾ?"

ಸೊಸೆ ಮತ್ತೊಮ್ಮೆ ಬಗ್ಗಿ ಕ್ಯಾಪನ್ನು ನೋಡಿದಳು. ಆಮೇಲೆ ಓಡಿಹೋಗಿ ಸ್ಕ್ರೂಡ್ರೈವರು ತಂದಳು. ವೈರುಗಳಿದ್ದಂತೆಯೇ ಕ್ಯಾಪನ್ನು ಬಿಚ್ಚಿ ಪಕ್ಕಕ್ಕೆ ಸರಿಸಿದಳು. ಒಳಗೆ ರೋಟರು ಗಡಿಯಾರದ ಗಿಡ್ಡ ಮುಳ್ಳಿನಂತೆ ಕೂತಿತ್ತು.

"ನಾನು ಇಲ್ಲಿ ನೋಡ್ಬೇಕು. ಕೀಲಿ ಯಾರು ತಿರುಗಿಸ್ತಾರೆ?"

ಅತ್ತೆ ಆ ಕಾರಿನ ಹಿಂದಿನ ಸೀಟಿನಲ್ಲಿ ಮಾತ್ರ ಕೂತವರು. ಈಗ ಮುಂದಿನ ಬಾಗಿಲು ತೆಗೆದು, ಚಪ್ಪಲಿ ಹೊರಗೆ ಬಿಟ್ಟು ಸ್ಟಿಯರಿಂಗಿನ ಮುಂದೆ ಕೂತರು.

"ಚಪ್ಪಲಿ ಯಾಕೆ ಬಿಟ್ರಿ ಅತ್ತೆ!"

"ಸುಮ್ನಿರೆ. ಯಾವ ಕಡೆ ತಿರುಗಿಸ್ಬೇಕು ಹೇಳು."

ತಿರುಗಿಸಿದರು. ಎಂಜಿನ್ನು ಗೊರಗೊರ ಅಂದಿತು.

"ಬಲಕ್ಕೆ!" ಸೊಸೆ ಕಿರುಚಿದಳು. "ಅತ್ತೆ, ಬಲಕ್ಕೆ ತಿರುಗ್ತಿದೆ! ಎಡಕ್ಕಲ್ಲ! ಸರದಿ ಸರೀನೇ ಇದೆ, ದಿಕ್ಕು ಉಲ್ಟಾ. ಒಂದೂ ನಾಕೂ ತಮ್ಮ ಜಾಗದಲ್ಲೇ ಇವೆ. ಎರಡು ಮೂರು ಮಾತ್ರ ಅದಲು ಬದಲು. ಅದಕ್ಕೇ ಅರ್ಧ ಹಿಡಿದು ಅರ್ಧ ಸಿಡೀತಿತ್ತು!"

ಕ್ಯಾಪು ಕೂರಿಸಿದಳು. ಅಡ್ಡ ಹಾಯ್ದಿದ್ದ ಆ ಎರಡು ವೈರು ಕಿತ್ತು, ಇದರ ಜಾಗಕ್ಕೆ ಅದು, ಅದರ ಜಾಗಕ್ಕೆ ಇದು ಒತ್ತಿದಳು. ಎಳೆದಾಟವಿಲ್ಲದೆ ಎರಡೂ ಪಕ್ಕಪಕ್ಕದಲ್ಲಿ ಮಲಗಿದವು.

"ಈಗ ಹೊಡೀರಿ ಅತ್ತೆ."

ಅರ್ಧ ಸುತ್ತಿಗೇ ಎಂಜಿನ್ನು ಹಿಡಿಯಿತು. ಮುಗ್ಗರಿಕೆಯಿಲ್ಲ, ಕೆಮ್ಮಿಲ್ಲ. ಅತ್ತೆ ಕೀಲಿಯ ಮೇಲಿನ ಕೈ ತೆಗೆಯಲೇ ಇಲ್ಲ. ಕಣ್ಣಲ್ಲಿ ನೀರು ಬಂದದ್ದು ಸಂತೋಷಕ್ಕೆ ಅಂತ ಸೊಸೆ ತಿಳಿದಳು. ಸಂತೋಷ ಒಂದು ಪಾಲು; ಮಿಕ್ಕದ್ದೆಲ್ಲ ಕೋಪ. ಇಷ್ಟೇನಾ? ಇಷ್ಟಕ್ಕೆ ಮೂರು ವಾರ ಒಬ್ಬ ಹೆಣ್ಣುಮಗಳನ್ನು ಬಸ್ಸಿನಲ್ಲಿ ನಿಲ್ಲಿಸಿ, ಊಟದ ಮುಂದೆ ಬೈದು, ಫೋನಿನಲ್ಲಿ ಮಾರಿದರಾ?

"ಹೊರಡು. ಮುದುಕರು ಹಸಿದು ಕೂತಿರ್ತಾರೆ" ಅಂದು ಇಳಿದರು.

ಉಸ್ತಾದರು ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದಾಗ ಅಂಗಳ ಖಾಲಿ. ಎಣ್ಣೆ ಸೋರಿದ ಕಲೆ ಮಾತ್ರ ನೆಲದ ಮೇಲಿತ್ತು.

"ಗಾಡಿ ಎಲ್ಲಿ?"

"ಕೆಲಸಕ್ಕೆ ಹೋಗಿದೆ."

ಅವರ ಮುಖ ಅರಳಿತು. "ನಾನು ಹೇಳಿರ್ಲಿಲ್ವಾ? ಪೆಟ್ರೋಲ್ ಆರಿದ ಮೇಲೆ ತಾನಾಗೇ ಹತ್ತುತ್ತೆ ಅಂತ!"

"ಆರಿ ಹತ್ತಿದ್ದಲ್ಲ. ಎರಡನೇದು ಮೂರನೇದು ವೈರು ಅದಲು ಬದಲು ಆಗಿತ್ತು. ಇದು ಬಲಕ್ಕೆ ತಿರುಗೋ ಗಾಡಿ. ಅವಳು ನೋಡಿದಳು, ನಾನು ಕೀಲಿ ತಿರುಗಿಸಿದೆ."

ಉಸ್ತಾದರು ದಡ್ಡರಲ್ಲ. ಅರ್ಧ ಮಾತಿಗೇ ಅರ್ಥವಾಯಿತು ಅನ್ನುವುದು ಅವರ ಬೆರಳುಗಳಲ್ಲಿ ಕಾಣಿಸಿತು; ಗಾಳಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತಿ ನಿಂತವು. ಕುರ್ಚಿ ಎಳೆದುಕೊಂಡು ಕೂತರು. ಅತ್ತೆ ಕಾದರು. ಒಂದು ಮಾತು ಬಂದಿದ್ದರೆ, ಅಯ್ಯೋ ಅಂದಿದ್ದರೂ ಸಾಕಿತ್ತು, ಆಕೆ ಎಲ್ಲ ಮರೆತು ಚಹಾ ಕಾಯಿಸಲು ಎದ್ದುಬಿಡುತ್ತಿದ್ದರು.

"ಯಾರ್ಯಾರಿಗೆ ಗೊತ್ತು?" ಉಸ್ತಾದರು ಕೇಳಿದರು.

"ನನಗೆ, ಅವಳಿಗೆ. ಈಗ ನಿಮಗೆ."

"ಸರಿ ಹಾಗಾದ್ರೆ. ಲ್ಯಾಬಿನೋನು ಇವತ್ತು ಫೋನ್ ಮಾಡ್ತಾನೆ. ನಿನ್ನನ್ನೇ ಕೇಳ್ತಾನೆ. ಹುಡುಗಿ ಕೆಡಿಸಿದ್ದು ನಿಜ, ಈಗ ನಮ್ಮನೆಯವರು ಸರಿ ಮಾಡಿದ್ರು ಅಂತ ಹೇಳ್ಬಿಡು. ಜಾಸ್ತಿ ಏನೂ ಬೇಡ."

"ಹಾಗಂದ್ರೆ ಅವನು ಅವಳ ಮನೆಗಳನ್ನೆಲ್ಲ ಬೇರೆಯವರಿಗೆ ಕೊಡ್ತಾನೆ."

"ಕೊಟ್ರೆ ಕೊಡ್ಲಿ. ಮನೇಲಿರ್ತಾಳೆ. ನಿನಗೂ ಒಂದು ಕೈ ಆಗುತ್ತೆ."

"ನನಗೆ ಕೈ ಸಾಲ್ತಿಲ್ಲ ಅಂತ ಯಾರು ಹೇಳಿದ್ರು?"

"ನನ್ನ ಹೆಸರಿನ ಪ್ರಶ್ನೆ ಕಣೆ! ಬ್ರೆಡ್ಡಿನ ಕಾರ್ಖಾನೇಲಿ, ಬೀದೀಲಿ, ಎಲ್ಲಿ ಬೇಕಾದ್ರೂ ಕೇಳು. ಉಸ್ತಾದ ವೈರು ತಪ್ಪಾಗಿ ಹಾಕಿದ ಅಂತ ಆದ್ರೆ, ಈ ವಯಸ್ಸಲ್ಲಿ ನಾನು ಮುಖ ಎಲ್ಲಿಡ್ಲಿ?"

"ಅವಳು ಮೂರು ವಾರದಿಂದ ಎಲ್ಲಿಟ್ಟಿದಾಳೋ ಅಲ್ಲೇ."

ಉಸ್ತಾದರು ತಲೆಯೆತ್ತಿ ನೋಡಿದರು. ಆ ದನಿ ಅವರಿಗೆ ಪರಿಚಯವಿರಲಿಲ್ಲ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು. ಅವರು ಎತ್ತಿ, "ಹಾಂ, ಹೇಳಿ, ಇಲ್ಲೇ ಇದಾಳೆ" ಅಂದು, ಬೊಗಸೆಯಲ್ಲಿ ಫೋನನ್ನು ಮುಚ್ಚಿ ಹೆಂಡತಿಯ ಮುಖದ ಹತ್ತಿರ ತಂದರು.

"ಒಂದೇ ಒಂದು ಮಾತು. ಇಷ್ಟು ವರ್ಷದಲ್ಲಿ ನಿನ್ನ ಏನೂ ಕೇಳಿಲ್ಲ ನಾನು. ನನಗೋಸ್ಕರ ಹೇಳು."

"ಹೇಳಲ್ಲ."

"ಲೇ, ಅವನು ಕಾಯ್ತಿದಾನೆ."

"ಕಾಯ್ಲಿ. ಹುಡುಗಿ ಕೆಡಿಸಿದಳು ಅಂತ ನಾನು ಹೇಳಲ್ಲ ರೀ. ಇವತ್ತೂ ಹೇಳಲ್ಲ, ನಾಳೆನೂ ಹೇಳಲ್ಲ. ವೈರು ಹಾಕಿದವರು ನೀವು, ನೀವೇ ಮಾತಾಡಿ."